ಏರಿ ಭದ್ರವಾಗಿರಲಿ

ಚಿತ್ರದುರ್ಗದ ಸೀಮೆ ಬಯಲುನಾಡು. ಇಲ್ಲಿ ಮಳೆ ಕಡಮೆ. ಬರುವ ಮಳೆಯೂ ಕರೆದ ಕಾಲಕ್ಕೆ ಬರುವುದಿಲ್ಲ. ಆದುದರಿಂದಲೇ ಇಲ್ಲಿಯ ಹಿರಿಯರು ಊರೂರಿಗೂ ಕೆರೆಗಳನ್ನು ಕಟ್ಟಿಸಿದರು. ಬಿದ್ದ ಹನಿಯನ್ನು ಹಿಡಿದು ನಿಲ್ಲಿಸುವ ವಿದ್ಯೆಯೇ ಈ ನಾಡಿನ ಜನಕ್ಕೆ ಬದುಕಿನ ಮೊದಲ ಪಾಠವಾಯಿತು. ಕೆರೆಯ ನೀರು ಕಾರಣವಿಲ್ಲದೆ ತಗ್ಗತೊಡಗಿದಾಗ ಊರಿನ ನೀರಗಂಟಿ ಏನು ಮಾಡುತ್ತಾನೆ? ಅವನು ನೀರನ್ನು ಬೈಯುವುದಿಲ್ಲ. ಹಿಂದಿನ ಕಾಲದ ನೀರಿಗೆ ಇದ್ದ ನಿಷ್ಠೆ ಇಂದಿನ ನೀರಿಗೆ ಇಲ್ಲವೆಂದು ನಿಟ್ಟುಸಿರು ಬಿಡುವುದಿಲ್ಲ. ಏರಿಯ ಮೇಲೆ ಉದ್ದಕ್ಕೂ ನಡೆದು ನೋಡುತ್ತಾನೆ. ಹಿಂಬದಿಯ ಮಣ್ಣು ಎಲ್ಲಿ ಹಸಿಯಾಗಿದೆ, ಹೆಗ್ಗಣ ಎಲ್ಲಿ ಬಿಲ ತೋಡಿದೆ, ತೂಬಿನ ಕಲ್ಲು ಎಲ್ಲಿ ಸಡಿಲಗೊಂಡಿದೆ ಎಂದು ಹುಡುಕುತ್ತಾನೆ. ದೋಷ ಏರಿಯಲ್ಲಿ ಇರಬಹುದೇ ಹೊರತು ನೀರಿನಲ್ಲಿ ಇರಲಾರದೆಂಬುದು ಅವನಿಗೆ ಗೊತ್ತು.

ದುಡಿಮೆಯ ಸ್ಥಳಗಳ ವಿಷಯದಲ್ಲಿ ಮಾತ್ರ ಈ ವಿವೇಕ ಏಕೋ ಮರೆತುಹೋಗುತ್ತದೆ. ಚಿತ್ರದುರ್ಗದ ಅಂಗಡಿಬೀದಿಯಲ್ಲಿಯೂ ಖಾಸಗಿ ಆಸ್ಪತ್ರೆಗಳಲ್ಲಿಯೂ, ಹಿರಿಯೂರಿನ ಹೆದ್ದಾರಿಯ ಬದಿಯ ಹೋಟೆಲುಗಳಲ್ಲಿಯೂ, ಹೊಸದುರ್ಗದ ತೆಂಗಿನ ತೋಟಗಳಲ್ಲಿಯೂ, ಹೊಳಲ್ಕೆರೆಯ ಅಡಿಕೆಯ ಮನೆಗಳಲ್ಲಿಯೂ ಒಂದೇ ಮಾತು ಕೇಳಿಬರುತ್ತದೆ: "ಕೆಲಸಕ್ಕೆ ಜನ ಸಿಗುವುದಿಲ್ಲ; ಸಿಕ್ಕವರು ನಿಲ್ಲುವುದಿಲ್ಲ." ಈ ಮಾತಿನ ಹಿಂದೆಯೇ ಮತ್ತೊಂದು ಮಾತು ಬರುತ್ತದೆ: "ಈಗಿನ ಹುಡುಗರಿಗೆ ಕೆಲಸದಲ್ಲಿ ಶ್ರದ್ಧೆ ಇಲ್ಲ." ಮೊದಲನೆಯ ಮಾತಿನಲ್ಲಿ ಸತ್ಯವುಂಟು. ಎರಡನೆಯದು ನೀರನ್ನು ಬೈಯುವ ಮಾತು. ದುಡಿಯುವವನ ಗುಣದಲ್ಲಿ ದೋಷವನ್ನು ಹುಡುಕುವುದಕ್ಕೆ ಮೊದಲು ದುಡಿಸುವ ಮನೆಯ ಏರಿಯ ಮೇಲೆ ಒಮ್ಮೆ ನಡೆದುಬರುವುದು ನ್ಯಾಯ.

ಕೆಲಸ ಬಿಟ್ಟು ಹೋಗುವವರೆಲ್ಲ ಒಂದೇ ಕಾರಣದಿಂದ ಹೋಗುವುದಿಲ್ಲ. ಕೆರೆಯಿಂದ ನೀರು ಹೊರಗೆ ಹೋಗಲು ಮೂರು ದಾರಿಗಳಿವೆ. ಮೊದಲನೆಯದು ತೂಬು. ಗದ್ದೆಗೆ ನೀರು ಬೇಕಾದಾಗ ಕ್ರಮವರಿತು ತೂಬನ್ನು ಎತ್ತುತ್ತಾರೆ. ನಿವೃತ್ತಿ, ವರ್ಗಾವಣೆ ಮೊದಲಾದುವು ಈ ಬಗೆಯವು. ಎರಡನೆಯದು ಕೋಡಿ. ಕೆರೆ ತುಂಬಿ ಹೆಚ್ಚಾದ ನೀರು ಕೋಡಿಯ ಮೇಲೆ ಹರಿದು ಮುಂದಿನ ಕೆರೆಯನ್ನು ಸೇರುತ್ತದೆ. ಒಂದು ಕಡೆ ಕೆಲಸ ಕಲಿತವನು ಇನ್ನೂ ದೊಡ್ಡ ಹೊಣೆಯನ್ನು ಹೊರಲು ಬೇರೆಡೆಗೆ ಹೋದರೆ ಅದು ಕೋಡಿ ಬಿದ್ದಂತೆ, ಸಂತೋಷಪಡಬೇಕಾದ ಸಂಗತಿ. ಮೂರನೆಯದು ಸೋರಿಕೆ. ಅದು ಯಾರ ಕಣ್ಣಿಗೂ ಬೀಳದೆ, ಯಾರ ಗದ್ದೆಗೂ ಸಲ್ಲದೆ ನೀರು ಹಾಳಾಗುವ ಬಗೆ. ಮನಸ್ಸು ಮುರಿದು, ಅವಮಾನಗೊಂಡು, ಬೇಸತ್ತು ಕೆಲಸ ಬಿಡುವುದು ಈ ಮೂರನೆಯ ಬಗೆಯದು. ಚಿಂತಿಸಬೇಕಾದುದು ಇದರ ವಿಷಯವಾಗಿ.

ಸೋರಿಕೆಯಿಂದ ಆಗುವ ನಷ್ಟ ಮಾಲೀಕನೊಬ್ಬನದೇ ಅಲ್ಲ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ದಾದಿಯೊಬ್ಬಳು ಮೂರು ವರ್ಷ ಕೆಲಸ ಮಾಡಿದಳೆಂದರೆ ಯಾವ ಮನೆಯಲ್ಲಿ ಬಸುರಿಯಿದ್ದಾಳೆ, ಯಾವ ಮುದುಕ ಔಷಧಿಯನ್ನು ಮರೆಯುತ್ತಾನೆ, ಯಾವ ತಾಯಿ ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೆದರುತ್ತಾಳೆ ಎಂಬುದೆಲ್ಲ ಅವಳಿಗೆ ತಿಳಿದಿರುತ್ತದೆ. ಅವಳು ಬೇಸತ್ತು ಹೋದ ದಿನ ಆ ತಿಳಿವಳಿಕೆಯೂ ಅವಳೊಡನೆ ಹೋಗುತ್ತದೆ. ಬದಲಿಗೆ ಬಂದವಳು ಎಷ್ಟೇ ಜಾಣೆಯಾದರೂ ಮೊದಲಿನಿಂದ ಆರಂಭಿಸಬೇಕು. ನಡುವೆ ಒಂದು ಮಗುವಿಗೆ ಚುಚ್ಚುಮದ್ದು ತಪ್ಪಿಹೋಗಬಹುದು. ವರ್ಷಕ್ಕೊಬ್ಬ ಉಪಾಧ್ಯಾಯರು ಬದಲಾಗುವ ಶಾಲೆಯ ಮಕ್ಕಳ ಪಾಡೂ ಇದೇ. ಆದುದರಿಂದ ಕೆಲಸಗಾರರ ನೆಮ್ಮದಿಯೆಂಬುದು ಕಚೇರಿಯ ನಾಲ್ಕು ಗೋಡೆಗಳ ಒಳಗಿನ ಪ್ರಶ್ನೆಯಲ್ಲ. ಅದು ಊರಿನ ಪ್ರಶ್ನೆ.

ಏರಿಯ ಮೊದಲ ಕಲ್ಲು ಕೂಲಿ. ಹೊಟ್ಟೆಗೆ ಸಾಲದ ಸಂಬಳವನ್ನು ಕೊಟ್ಟು ನಿಷ್ಠೆಯನ್ನು ಬಯಸುವುದು ನ್ಯಾಯವಲ್ಲ. ಈ ಮಾತಿಗೆ ಜಗತ್ತಿನ ಚರಿತ್ರೆಯಲ್ಲಿ ಹೆಸರಾಂತ ನಿದರ್ಶನವೊಂದು ಇದೆ. ಅಮೆರಿಕದಲ್ಲಿ ಹೆನ್ರಿ ಫೋರ್ಡನ ಮೋಟಾರು ಕಾರ್ಖಾನೆಯು 1913ರಲ್ಲಿ ಚಲಿಸುವ ಪಟ್ಟಿಯ ಮೇಲೆ ಕಾರುಗಳನ್ನು ಜೋಡಿಸಲು ತೊಡಗಿತು. ದಿನವೆಲ್ಲ ಒಂದೇ ತಿರುಪನ್ನು ತಿರುಗಿಸುವ ಆ ಕೆಲಸ ಜನಕ್ಕೆ ಬೇಸರ ತಂದಿತು. ಸುಮಾರು 14,000 ಮಂದಿಯ ಕಾರ್ಖಾನೆಯನ್ನು ನಡೆಸಲು ಆ ಒಂದು ವರ್ಷದಲ್ಲಿ 50,000ಕ್ಕೂ ಹೆಚ್ಚು ಮಂದಿಯನ್ನು ನೇಮಿಸಿಕೊಳ್ಳಬೇಕಾಯಿತು. 1914ರ ಜನವರಿಯಲ್ಲಿ ಫೋರ್ಡನು ದಿನಗೂಲಿಯನ್ನು ಸುಮಾರು ಇಮ್ಮಡಿಗೊಳಿಸಿ ಐದು ಡಾಲರಿಗೆ ಏರಿಸಿದನು. ದುಡಿಮೆಯ ಅವಧಿಯನ್ನು ಒಂಬತ್ತು ಗಂಟೆಯಿಂದ ಎಂಟು ಗಂಟೆಗೆ ಇಳಿಸಿದನು. ಕೆಲಸ ಬಿಡುವವರ ಸಂಖ್ಯೆ ಥಟ್ಟನೆ ತಗ್ಗಿತು. ಆದರೆ ಈ ಕತೆಗೆ ಇನ್ನೊಂದು ಮಗ್ಗುಲೂ ಉಂಟು. ಆ ಹೆಚ್ಚಿನ ಕೂಲಿಗೆ ಯಾರು ಅರ್ಹರೆಂದು ತಿಳಿಯಲು ಕಾರ್ಖಾನೆಯ ಅಧಿಕಾರಿಗಳು ಕೆಲಸಗಾರರ ಮನೆಗಳಿಗೇ ಹೋಗಿ ಅವರ ಕುಡಿತ, ಉಳಿತಾಯ, ಸಂಸಾರಗಳನ್ನು ವಿಚಾರಿಸುತ್ತಿದ್ದರು. ಹಣವು ಮನುಷ್ಯನನ್ನು ಬಾಗಿಲವರೆಗೆ ಕರೆತರಬಲ್ಲುದು. ಒಳಗೆ ಅವನ ಮಾನವನ್ನು ಕಾಯುವ ಶಕ್ತಿ ಹಣಕ್ಕಿಲ್ಲ.

ಭಾರತದಲ್ಲಿಯೂ ದೂರದೃಷ್ಟಿಯ ಉದ್ಯಮಗಳು ಇದನ್ನು ಬೇಗನೆ ಅರಿತವು. ಜಮ್ಷೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆಯು 1912ರಲ್ಲಿಯೇ ಎಂಟು ಗಂಟೆಗಳ ದುಡಿಮೆಯನ್ನು ಜಾರಿಗೆ ತಂದಿತು. 1920ರಲ್ಲಿ ಸಂಬಳಸಹಿತ ರಜೆಯನ್ನೂ ಭವಿಷ್ಯ ನಿಧಿಯನ್ನೂ ಏರ್ಪಡಿಸಿತು. ದೇಶದ ಕಾನೂನು ಇವನ್ನು ವಿಧಿಸಿದ್ದು ಅನೇಕ ವರ್ಷಗಳ ಅನಂತರ. ಕಾನೂನು ಕೈಹಿಡಿದು ಮಾಡಿಸುವುದಕ್ಕೆ ಮೊದಲೇ ಮಾಡುವ ಒಳ್ಳೆಯದಕ್ಕೆ ಬೇರೆಯೇ ಬೆಲೆಯುಂಟು.

ಕೂಲಿಯಷ್ಟೇ ಮುಖ್ಯವಾದ ಮತ್ತೊಂದು ಕಲ್ಲು ನ್ಯಾಯ. ಮನುಷ್ಯನು ತನಗೆ ಎಷ್ಟು ಸಿಕ್ಕಿತೆಂಬುದನ್ನು ಮಾತ್ರ ಎಣಿಸುವುದಿಲ್ಲ; ತನ್ನಂತೆಯೇ ದುಡಿಯುವ ಪಕ್ಕದವನಿಗೆ ಎಷ್ಟು ಸಿಕ್ಕಿತೆಂದೂ ನೋಡುತ್ತಾನೆ. ಇದು ಹೊಟ್ಟೆಕಿಚ್ಚಲ್ಲ, ತಕ್ಕಡಿಯನ್ನು ನೋಡುವ ಸಹಜವಾದ ಕಣ್ಣು. ಗ್ರಾಮೀಣ ಬ್ಯಾಂಕುಗಳ ಚರಿತ್ರೆ ಇದಕ್ಕೆ ಒಳ್ಳೆಯ ಉದಾಹರಣೆ. ಹಳ್ಳಿಯ ಬಡವನಿಗೆ ಕಡಮೆ ಖರ್ಚಿನಲ್ಲಿ ಸಾಲ ದೊರಕಿಸಬೇಕೆಂಬ ಉದ್ದೇಶದಿಂದ 1975ರಲ್ಲಿ ದೇಶದಲ್ಲಿ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳು ಆರಂಭವಾದುವು. ಮುಂದೆ ಚಿತ್ರದುರ್ಗಕ್ಕೂ ಅದರದೇ ಹೆಸರಿನ ಗ್ರಾಮೀಣ ಬ್ಯಾಂಕು ಬಂದಿತು. ಖರ್ಚು ಕಡಮೆಯಾಗಬೇಕೆಂದು ಇಂಥ ಬ್ಯಾಂಕುಗಳ ನೌಕರರ ವೇತನವನ್ನು ರಾಜ್ಯ ಸರ್ಕಾರದ ನೌಕರರ ವೇತನಕ್ಕೆ ಹೊಂದಿಸಿದ್ದರು. ಆದರೆ ಅವರು ಮಾಡುತ್ತಿದ್ದ ಕೆಲಸ ಬ್ಯಾಂಕಿನ ಕೆಲಸವೇ. ಅದೇ ಖಾತೆ, ಅದೇ ಸಾಲ, ಅದೇ ನಗದು. ಮೇಲಾಗಿ ಹಳ್ಳಿಯ ದೂಳಿನ ದಾರಿ. ಪೇಟೆಯ ವಾಣಿಜ್ಯ ಬ್ಯಾಂಕಿನಲ್ಲಿ ಇದೇ ಕೆಲಸಕ್ಕೆ ಹೆಚ್ಚಿನ ಸಂಬಳ ದೊರೆಯುತ್ತಿತ್ತು. ಒಂದೇ ಕೆಲಸಕ್ಕೆ ಎರಡು ತಕ್ಕಡಿಗಳು ಏಕೆಂಬ ಪ್ರಶ್ನೆ ಎದ್ದಿತು.

ಆ ನೌಕರರು ಕಲ್ಲೆಸೆಯಲಿಲ್ಲ. ನ್ಯಾಯದ ಬಾಗಿಲನ್ನು ತಟ್ಟಿದರು. ನ್ಯಾಯಮೂರ್ತಿ ಓಬುಲ್ ರೆಡ್ಡಿಯವರ ರಾಷ್ಟ್ರೀಯ ಕೈಗಾರಿಕಾ ನ್ಯಾಯಮಂಡಳಿಯು 1990ರಲ್ಲಿ ನೀಡಿದ ತೀರ್ಪಿನಿಂದ ಅವರ ವೇತನವು ಪ್ರಾಯೋಜಕ ಬ್ಯಾಂಕುಗಳ ನೌಕರರ ವೇತನಕ್ಕೆ ಸಮನಾಯಿತು. ಪಿಂಚಣಿಯ ಸಮಾನತೆಗಾಗಿ ಇನ್ನೂ ಬಹುಕಾಲ ಕಾಯಬೇಕಾಯಿತು; 2018ರಲ್ಲಿ ಸುಪ್ರೀಂ ಕೋರ್ಟು ಅದನ್ನೂ ಎತ್ತಿಹಿಡಿಯಿತು. ಈ ನಡುವೆ ಬ್ಯಾಂಕಿನ ಬಾಗಿಲಿನ ಫಲಕ ಬದಲಾಗುತ್ತಲೇ ಹೋಯಿತು. 2005ರಲ್ಲಿ ಚಿತ್ರದುರ್ಗದ ಬ್ಯಾಂಕು ಬೇರೆ ಬ್ಯಾಂಕುಗಳೊಡನೆ ಸೇರಿ ಪ್ರಗತಿ ಗ್ರಾಮೀಣ ಬ್ಯಾಂಕಾಯಿತು. 2013ರಲ್ಲಿ ಪ್ರಗತಿ ಕೃಷ್ಣ ಗ್ರಾಮೀಣ ಬ್ಯಾಂಕಾಯಿತು. 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. 2025ರಲ್ಲಿ ರಾಜ್ಯದ ಗ್ರಾಮೀಣ ಬ್ಯಾಂಕುಗಳೆಲ್ಲ ಒಂದಾದುವು. ಫಲಕ ಎಷ್ಟು ಬಾರಿ ಬದಲಾದರೂ ಒಳಗೆ ಕುಳಿತವನ ಎದುರಿಗೆ ನಿಲ್ಲುವ ರೈತ ಬದಲಾಗಲಿಲ್ಲ. ಸಂಸ್ಥೆಯ ಹೆಸರಿನಲ್ಲಿ ನಂಟು ಬೆಳೆಯುವುದಕ್ಕಿಂತ ಹೆಚ್ಚಾಗಿ ಮಾಡುವ ಕೆಲಸದ ಪ್ರಯೋಜನದಲ್ಲಿ, ಅದಕ್ಕೆ ದೊರೆಯುವ ನ್ಯಾಯದಲ್ಲಿ ನಂಟು ಬೆಳೆಯುತ್ತದೆ.

ನ್ಯಾಯವು ದೊಡ್ಡ ನ್ಯಾಯಾಲಯಗಳಲ್ಲಿ ಮಾತ್ರ ಇರುವ ವಸ್ತುವಲ್ಲ. ಹೊಳಲ್ಕೆರೆಯ ಕಡೆ ಅಡಿಕೆಯ ಸುಗ್ಗಿಯ ದಿನಗಳಲ್ಲಿ ಅದನ್ನು ಕಣ್ಣಾರೆ ಕಾಣಬಹುದು. ಹಸಿ ಅಡಿಕೆಯನ್ನು ಸುಲಿಯಲು ಯಂತ್ರಗಳು ಬಂದಿದ್ದರೂ ಕೈಯಿಂದ ಸುಲಿಯುವುದು ನಿಂತಿಲ್ಲ. ಹೆಂಗಸರು ಕತ್ತಿಯ ಮುಂದೆ ಕುಳಿತು ಒಂದೊಂದಾಗಿ ಸುಲಿಯುತ್ತಾರೆ. ಸುಲಿದದ್ದನ್ನು ಅಳೆದು ಕೂಲಿ ಕೊಡುತ್ತಾರೆ. ಒಂದು ಮನೆಗೆ ಕರೆಯದಿದ್ದರೂ ಜನ ಬರುತ್ತಾರೆ. ಮತ್ತೊಂದು ಮನೆಗೆ ಕರೆದರೂ ಬರುವುದಿಲ್ಲ. ಎರಡೂ ಕಡೆ ಕೂಲಿಯ ದರ ಒಂದೇ. ಬಾರದ ಮನೆಯ ಯಜಮಾನನು ಹಳೆಯ ಕೆಲಸದಾಕೆಯೊಬ್ಬಳನ್ನು ಕಾರಣ ಕೇಳಿದನೆಂದು ಭಾವಿಸಿದರೆ ಅವಳು ಹೀಗೆ ಹೇಳಿಯಾಳು: "ದರದಲ್ಲಿ ಹೆಚ್ಚುಕಮ್ಮಿ ಇಲ್ಲ, ಯಜಮಾನರೆ. ಆದರೆ ಅಲ್ಲಿ ಅಳತೆ ನಮ್ಮ ಕಣ್ಣೆದುರಿಗೆ ಆಗುತ್ತದೆ. ಹೊತ್ತಿಗೆ ಸರಿಯಾಗಿ ಒಂದು ಲೋಟ ಚಹಾ ಕೊಡುತ್ತಾರೆ. ಮಗುವಿಗೆ ಜ್ವರ ಬಂದಿದೆ ಎಂದರೆ ಮುಖ ಸಿಂಡರಿಸುವುದಿಲ್ಲ." ಈ ಮೂರು ಮಾತುಗಳಲ್ಲಿ ಒಂದು ಶಾಸ್ತ್ರವೇ ಅಡಗಿದೆ. ಅಳತೆ ಕಣ್ಣೆದುರಿಗೆ ನಡೆಯಬೇಕು, ದಣಿವನ್ನು ಗುರುತಿಸಬೇಕು, ಕೆಲಸಗಾರನಿಗೂ ಒಂದು ಮನೆಯುಂಟೆಂಬುದನ್ನು ನೆನಪಿಡಬೇಕು.

ಸರ್ಕಾರಿ ಶಾಲೆಗಳ ಉಪಾಧ್ಯಾಯರ ವರ್ಗಾವಣೆಯನ್ನೂ ಇಲ್ಲಿ ನೆನೆಯಬಹುದು. ಯಾರಿಗೆ ಯಾವ ಊರೆಂಬುದು ಮುಚ್ಚಿದ ಬಾಗಿಲಿನ ಹಿಂದೆ ತೀರ್ಮಾನವಾಗಬಾರದೆಂದು ಕರ್ನಾಟಕವು 2007ರಲ್ಲಿ ಒಂದು ಕಾಯ್ದೆಯನ್ನು ಮಾಡಿತು. 2020ರಲ್ಲಿ ಅದರ ಸ್ಥಾನದಲ್ಲಿ ಹೊಸ ಕಾಯ್ದೆ ಬಂದಿತು. ಖಾಲಿಯಿರುವ ಸ್ಥಳಗಳನ್ನು ತಿಳಿಸಿ, ಸರದಿಯ ಪ್ರಕಾರ ಆರಿಸಿಕೊಳ್ಳಲು ಬಿಡುವ ಕ್ರಮ ಅದರಿಂದ ನೆಲೆಗೊಂಡಿತು. ಬಯಸಿದ ಊರು ಎಲ್ಲರಿಗೂ ಸಿಕ್ಕುವುದು ಅಸಾಧ್ಯ. ಆದರೆ ಸಿಗದಿದ್ದಾಗ ಏಕೆ ಸಿಗಲಿಲ್ಲವೆಂಬುದು ತಿಳಿದರೆ ಮನಸ್ಸಿಗೆ ಅಷ್ಟು ನೋವಾಗುವುದಿಲ್ಲ. ತೂಬನ್ನು ಎತ್ತುವ ಕ್ರಮ ಎಲ್ಲರಿಗೂ ಗೊತ್ತಿರುವ ಊರಿನಲ್ಲಿ ನೀರಿಗಾಗಿ ಜಗಳ ಕಡಮೆ.

ಏರಿಯ ಮೂರನೆಯ ಕಲ್ಲು ಕೆಲಸ ಮಾಡುವ ಜಾಗ. ಕುಡಿಯಲು ನೀರು, ಶೌಚಾಲಯ, ಗಾಳಿ, ಬೆಳಕು, ಕುಳಿತುಕೊಳ್ಳಲು ಒಂದು ಆಸನ, ಇವು ಚಿಕ್ಕ ಸಂಗತಿಗಳಂತೆ ತೋರುತ್ತವೆ. ದಿನಕ್ಕೆ ಎಂಟು ಗಂಟೆ ನಿಂತೇ ಇರುವ ಬಟ್ಟೆಯಂಗಡಿಯ ಹುಡುಗಿಗೆ ಅವು ಚಿಕ್ಕವಲ್ಲ. 1948ರ ಕಾರ್ಖಾನೆಗಳ ಕಾಯ್ದೆಯು ಇಂಥವನ್ನೇ ಒಂದೊಂದಾಗಿ ಹೆಸರಿಸಿ ಮಾಲೀಕರ ಹೊಣೆಯೆಂದು ವಿಧಿಸಿತು. ಚಿಕ್ಕದೆಂದು ತೋರುವುದರಲ್ಲಿ ಮಾಲೀಕನಿಗೂ ಲಾಭವುಂಟು. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹಳೆಯ ಕೊಳವೆದೀಪಗಳನ್ನು ತೆಗೆದು ಕಡಮೆ ಬಿಸಿ ಸೂಸುವ ಎಲ್‌ಇಡಿ ದೀಪಗಳನ್ನು ಹಾಕಿದುದು ವಿದ್ಯುತ್ತಿನ ಉಳಿತಾಯಕ್ಕಾಗಿ. ಆದರೆ ಹೊಲಿಯುವವರ ತಲೆಯ ಮೇಲಿನ ಕಾವು ತಗ್ಗಿದುದರಿಂದ ಬಿಸಿಲು ಹೆಚ್ಚಾದ ದಿನಗಳಲ್ಲಿ ಅವರ ಕೆಲಸವೂ ಹೆಚ್ಚಿತೆಂದು ಅರ್ಥಶಾಸ್ತ್ರಜ್ಞರು ಅಳೆದು ತೋರಿಸಿದರು. ಬೇಸಗೆಯಲ್ಲಿ ಬಂಡೆಗಳೇ ಕಾದು ಕೆಂಡವಾಗುವ ಚಿತ್ರದುರ್ಗಕ್ಕೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯ ಕಲ್ಲು ಮಾತು. ಮೇಲಿನವನು ಆಡುವ ಮಾತು ಒಂದು. ಕೆಳಗಿನವನಿಗೆ ಆಡಲು ಬಿಡುವ ಮಾತು ಇನ್ನೊಂದು. ಅನೇಕರು ಕೆಲಸವನ್ನು ಬಿಡುವುದಿಲ್ಲ, ಮೇಲ್ವಿಚಾರಕನ ನಾಲಿಗೆಯನ್ನು ಬಿಟ್ಟುಹೋಗುತ್ತಾರೆ. ಹತ್ತು ಜನರ ನಡುವೆ ಏಕವಚನದಲ್ಲಿ ಗದರಿದ ಒಂದು ಗಳಿಗೆಯನ್ನು ಹತ್ತು ತಿಂಗಳ ಸಂಬಳ ಅಳಿಸಲಾರದು. ಇನ್ನು ಕೇಳುವ ಕಿವಿಯ ಬೆಲೆಯನ್ನು ಅರಿಯಲು ಹಿರಿಯೂರಿನ ಹೆದ್ದಾರಿಯನ್ನು ಹಿಡಿದು ಬೆಂಗಳೂರಿನವರೆಗೆ ಹೋಗಬೇಕು. ಬಯಲುಸೀಮೆಯ ಹಳ್ಳಿಗಳಿಂದ ಅನೇಕ ಹೆಣ್ಣುಮಕ್ಕಳು ಆ ನಗರದ ಉಡುಪಿನ ಕಾರ್ಖಾನೆಗಳಿಗೆ ಹೋಗಿ ಸೇರಿದ್ದಾರೆ. ಆ ಕಾರ್ಖಾನೆಗಳಲ್ಲಿ ಬಂದು ಹೋಗುವವರ ಸಂಖ್ಯೆ ಬಹಳ. ಮಗಳ ಮದುವೆಗೋ ಮಕ್ಕಳ ಶುಲ್ಕಕ್ಕೋ ಹಣ ಬೇಕಾದಾಗ ಕೆಲಸ ಬಿಟ್ಟು ಭವಿಷ್ಯ ನಿಧಿಯ ಹಣವನ್ನು ತೆಗೆದುಕೊಳ್ಳುವುದು ಅಲ್ಲಿ ವಾಡಿಕೆ. ಮಾಲೀಕರು ನಿಧಿಗೆ ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲವೆಂಬ ನಿಯಮ 2016ರಲ್ಲಿ ಹೊರಟಿತು. ಅದರ ಉದ್ದೇಶ ಮುಪ್ಪಿನ ಕಾಲದ ಭದ್ರತೆಯೇ ಇರಬಹುದು. ಆದರೆ ಆ ಹೆಂಗಸರನ್ನು ಯಾರೂ ಕೇಳಿರಲಿಲ್ಲ. ಅದೇ ವರ್ಷ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಮಂದಿ ಬೀದಿಗೆ ಇಳಿದರು. ನಗರದ ಸಂಚಾರ ಸ್ತಬ್ಧವಾಯಿತು. ನಿಯಮವನ್ನು ಹಿಂದಕ್ಕೆ ಪಡೆಯಬೇಕಾಯಿತು. ಸೋರಿಕೆಯನ್ನು ಮುಚ್ಚದೆ ಕೋಡಿಗೆ ಗೋಡೆ ಕಟ್ಟಿದರೆ ಕೆರೆ ಒಡೆಯದೆ ಇದ್ದೀತೆ?

ಅದೇ ವರ್ಷ ಅದೇ ನಗರದ ಉಡುಪಿನ ಕಾರ್ಖಾನೆಗಳಲ್ಲಿ ಒಂದು ಪರೀಕ್ಷೆಯೂ ನಡೆಯಿತು. ವಾರ್ಷಿಕ ವೇತನದ ಏರಿಕೆ ನಿರೀಕ್ಷೆಗಿಂತ ಕಡಮೆಯಾಗಿ ಕೆಲಸಗಾರರು ನಿರಾಶರಾಗಿದ್ದ ಸಮಯ ಅದು. ಸಂಶೋಧಕರು ಚೀಟಿ ಎತ್ತಿದಂತೆ ಕೆಲವರನ್ನು ಆರಿಸಿ, ಅವರ ಕೆಲಸ, ಸಂಬಳ, ಮೇಲ್ವಿಚಾರಕರ ವಿಷಯವಾಗಿ ಅವರ ಅಭಿಪ್ರಾಯವನ್ನು ಕೇಳಿದರು. ಉಳಿದವರನ್ನು ಕೇಳಲಿಲ್ಲ. ಕೇಳಿದ ಮಾತ್ರಕ್ಕೆ ಯಾರ ಸಂಬಳವೂ ಹೆಚ್ಚಲಿಲ್ಲ. ಆದರೂ ಮುಂದಿನ ತಿಂಗಳುಗಳಲ್ಲಿ, ಕೇಳಿಸಿಕೊಂಡವರ ಗುಂಪಿನಲ್ಲಿ ಕೆಲಸ ಬಿಟ್ಟವರ ಪ್ರಮಾಣ ಸುಮಾರು ಐದರಲ್ಲಿ ಒಂದು ಭಾಗದಷ್ಟು ಕಡಮೆಯಾಯಿತು. ತನ್ನ ಮಾತಿಗೆ ಒಂದು ಕಿವಿ ಇದೆಯೆಂಬ ಭರವಸೆಯೇ ಮನುಷ್ಯನನ್ನು ಅಷ್ಟರಮಟ್ಟಿಗೆ ಹಿಡಿದು ನಿಲ್ಲಿಸಿತು. ಆದರೆ ವರ್ಷ ವರ್ಷವೂ ಕೇಳುತ್ತ ಹೋಗಿ ಏನನ್ನೂ ಮಾಡದ ಕಿವಿಯನ್ನು ಜನ ಎಷ್ಟು ಕಾಲ ನಂಬಿಯಾರು? ಕೇಳುವುದು ಆರಂಭ, ಸರಿಪಡಿಸುವುದು ಅದರ ಫಲ.

ಏರಿ ಗಟ್ಟಿಯಾಗಿದ್ದ ಮಾತ್ರಕ್ಕೆ ಕೆರೆ ತುಂಬುವುದೆ? ಇಲ್ಲ. ಇದಕ್ಕೆ ಉತ್ತರ ಹಿರಿಯೂರಿನ ಬಳಿಯಲ್ಲಿಯೇ ಇದೆ. ಮಾರಿಕಣಿವೆಯಲ್ಲಿ ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರದ ಕಟ್ಟೆ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಒಂದು ಶತಮಾನಕ್ಕೂ ಮೀರಿ ಅದು ಅಲುಗದೆ ನಿಂತಿದೆ. ಆದರೂ 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬೀಳಲು 2022ರವರೆಗೆ, ಅಂದರೆ 89 ವರ್ಷ, ಕಾಯಬೇಕಾಯಿತು. ಕಟ್ಟೆಯ ಗುಣ ನೀರನ್ನು ಹಿಡಿಯುವುದು. ನೀರನ್ನು ತರುವುದು ಮಳೆಯ ಗುಣ.

ದುಡಿಮೆಯ ವಿಷಯದಲ್ಲಿಯೂ ಈ ಭೇದವುಂಟೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ತೋರಿಸಿದನು. ಅವನೂ ಅವನ ಸಂಗಡಿಗರೂ ಸುಮಾರು 200 ಮಂದಿ ಇಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತನಾಡಿಸಿ, ಕೆಲಸದಲ್ಲಿ ಸಂತೋಷವಾದ ಮತ್ತು ಬೇಸರವಾದ ಸಂದರ್ಭಗಳನ್ನು ಹೇಳಿಸಿ, ತಮ್ಮ ವಿಚಾರವನ್ನು 1959ರಲ್ಲಿ ಪ್ರಕಟಿಸಿದರು. ಬೇಸರಕ್ಕೆ ಕಾರಣವಾದುವು ಬಹುಮಟ್ಟಿಗೆ ಸಂಸ್ಥೆಯ ನಿಯಮ, ಮೇಲ್ವಿಚಾರಣೆ, ಸಂಬಳ, ಕೆಲಸದ ಪರಿಸ್ಥಿತಿಗಳು. ಸಂತೋಷಕ್ಕೆ ಕಾರಣವಾದುವು ಬೇರೆ: ಸಾಧಿಸಿದೆನೆಂಬ ತೃಪ್ತಿ, ದೊರೆತ ಮನ್ನಣೆ, ಕೆಲಸದಲ್ಲಿಯೇ ಇರುವ ಸ್ವಾರಸ್ಯ, ಹೊಣೆಗಾರಿಕೆ, ಬೆಳವಣಿಗೆ. ಮೊದಲಿನವು ಏರಿಯಂತೆ, ಎರಡನೆಯವು ಮಳೆಯಂತೆ. ಅನಂತರ ಬಂದ ವಿದ್ವಾಂಸರು ಈ ಎರಡು ಗುಂಪುಗಳು ಅಷ್ಟು ಖಂಡಿತವಾಗಿ ಬೇರೆಯಲ್ಲವೆಂದು ಚರ್ಚಿಸಿದ್ದಾರೆ. ಆದರೂ ಕೊರತೆಯನ್ನು ನೀಗಿಸುವುದೇ ಬೇರೆ, ಉತ್ಸಾಹವನ್ನು ತುಂಬುವುದೇ ಬೇರೆ ಎಂಬ ಮಾತು ನೆನಪಿಡತಕ್ಕದ್ದು.

ಆ ಮಳೆ ಎಂಥದೆಂಬುದನ್ನು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಕಾಣಬಹುದು. ಅಲ್ಲಿಯ ಮಠದ ಆಶ್ರಯದಲ್ಲಿ 1997ರಲ್ಲಿ 'ಶಿವಸಂಚಾರ'ವೆಂಬ ನಾಟಕತಂಡ ಹುಟ್ಟಿತು. ಅದರ ಕಲಾವಿದರು ಪ್ರತಿವರ್ಷ ಹೊಸ ನಾಟಕಗಳನ್ನು ಕಲಿತು, ಊರಿಂದೂರಿಗೆ ಹೋಗಿ ಕನ್ನಡ ನಾಡಿನುದ್ದಕ್ಕೂ ಆಡುತ್ತಾರೆ. ಸಂಚಾರಿ ತಂಡದ ಬದುಕು ಸುಖದ್ದಲ್ಲ. ಇಂದು ಒಂದೂರು, ನಾಳೆ ಇನ್ನೊಂದು. ಬಣ್ಣ ಹಚ್ಚಿದ ಕೈಯೇ ಪರದೆ ಕಟ್ಟಬೇಕು, ರಾಜನಾದವನೇ ಪೆಟ್ಟಿಗೆ ಹೊರಬೇಕು. ಆದರೂ ಯುವಕ ಯುವತಿಯರು ಇಂಥ ತಂಡವನ್ನು ಹುಡುಕಿಕೊಂಡು ಬರುತ್ತಾರೆ. ಕಲಿಯುವ ವಿದ್ಯೆ ಬೆಳೆಯುತ್ತ ಹೋಗುತ್ತದೆ. ಮಾಡಿದ ಕೆಲಸಕ್ಕೆ ಜನರ ಕಣ್ಣೀರು, ನಗೆ, ಚಪ್ಪಾಳೆ ಅಂದೇ ಉತ್ತರ ಕೊಡುತ್ತವೆ. ಒಬ್ಬನ ತಪ್ಪು ಎಲ್ಲರ ತಪ್ಪು, ಒಬ್ಬನ ಗೆಲವು ಎಲ್ಲರ ಗೆಲವು. ಅಂಗಡಿ ಕಚೇರಿಗಳಲ್ಲಿ ಚಪ್ಪಾಳೆ ಇರಲಾರದು, ನಿಜ. ಆದರೆ ಮಾಡಿದ ಕೆಲಸವನ್ನು ಗುರುತಿಸಿ ಒಂದು ಒಳ್ಳೆಯ ಮಾತನ್ನು ಆಡಲು ಯಾವ ಖರ್ಚೂ ಇಲ್ಲ.

ಹೀಗೆಂದ ಮಾತ್ರಕ್ಕೆ ಎಲ್ಲ ಹೊಣೆಯೂ ದುಡಿಸುವವನದೇ ಎಂದು ತಿಳಿಯಬಾರದು. ಸಣ್ಣ ಅಂಗಡಿಯ ಯಜಮಾನನ ಕೈಯೂ ಅನೇಕ ವೇಳೆ ಬರಿದಾಗಿರುತ್ತದೆ. ಮಳೆ ತಪ್ಪಿದ ವರ್ಷ ತೋಟದವನೂ ಸಾಲಗಾರನೇ. ಹೆಚ್ಚಿನ ಕೂಲಿಯನ್ನು ಅವನು ಕೊಡಲಾರದಿರಬಹುದು. ಆದರೆ ಸರಿಯಾದ ಅಳತೆ, ಒಳ್ಳೆಯ ಮಾತು, ಕೇಳುವ ಕಿವಿ ಇವುಗಳಿಗೆ ಬಡತನ ಅಡ್ಡಬರುವುದಿಲ್ಲ. ದುಡಿಯುವವನಿಗೂ ಧರ್ಮವುಂಟು. ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂದು ಕರೆದು ಅದಕ್ಕೆ ಪೂಜೆಯ ಸ್ಥಾನವನ್ನು ಕೊಟ್ಟರು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಮಡದಿ ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದಳೆಂಬ ಕತೆ ಪ್ರಸಿದ್ಧವಾಗಿದೆ. ತನ್ನ ಪಾಲಿಗೆ ಸಲ್ಲದ ಒಂದು ಕಾಳೂ ಬೇಡವೆಂದ ಆ ಕೈಗಳೇ ತಮಗೆ ಸಲ್ಲಬೇಕಾದುದನ್ನು ತಲೆಯೆತ್ತಿ ಕೇಳುವ ಅಧಿಕಾರವನ್ನೂ ಪಡೆದಿರುತ್ತವೆ. ಕಾಯಕವನ್ನು ಹೇಳಿದ ಶರಣರು ದಾಸೋಹವನ್ನೂ ಹೇಳಿದರು. ದುಡಿಯುವುದರ ಜೊತೆಗೇ ಹಂಚುವುದು ಇರಬೇಕೆಂದು ಅದರ ಅರ್ಥ. ದುಡಿಸುವವರು ಕಾಯಕವನ್ನು ಮಾತ್ರ ಉಪದೇಶಿಸಿ ದಾಸೋಹವನ್ನು ಮರೆಯುವುದು ಸಲ್ಲದು.

ಚಿತ್ರದುರ್ಗದಲ್ಲಿ ನಿಷ್ಠೆಯ ಮಾತು ಬಂದಾಗಲೆಲ್ಲ ಒನಕೆ ಓಬವ್ವನ ನೆನಪು ಬರುವುದು ಸಹಜ. ಕಾವಲಿನ ಗಂಡ ಊಟಕ್ಕೆ ಕುಳಿತಿದ್ದಾಗ ಕೋಟೆಯ ಕಿಂಡಿಯಲ್ಲಿ ನುಸುಳಿದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಎದುರಿಸಿದ ಆ ತಾಯಿಯ ಕತೆಯನ್ನು ತಿಳಿಯದ ಮಕ್ಕಳಿಲ್ಲ. ಅವಳ ಹೆಸರು ಕಾವಲುಗಾರರ ಪಟ್ಟಿಯಲ್ಲಿ ಇರಲಿಲ್ಲ. ಅವಳಿಗೆ ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ಕೋಟೆ ತನ್ನದೆಂದು ತಿಳಿದಿದ್ದುದರಿಂದ ಒನಕೆಯನ್ನು ಎತ್ತಿದಳು. ನೌಕರರಲ್ಲಿ ಓಬವ್ವನ ನಿಷ್ಠೆಯನ್ನು ಬಯಸುವವರು ಮೊದಲು ತಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಕೋಟೆ ನನ್ನದೆಂದು ಹೇಳುವಂತೆ ಅವರನ್ನು ನಡೆಸಿಕೊಂಡಿದ್ದೇವೆಯೆ?

ಇಂದು ಶಾಲೆಯಲ್ಲಿ ಕುಳಿತಿರುವ ಹುಡುಗ ಹುಡುಗಿಯರು ನಾಳೆ ದುಡಿಯುವವರಾಗುತ್ತಾರೆ. ಅವರಲ್ಲಿ ಕೆಲವರು ದುಡಿಸುವವರೂ ಆಗುತ್ತಾರೆ. ದುಡಿಯುವ ಕಾಲದಲ್ಲಿ ಕೆಲಸವನ್ನು ತಮ್ಮದೆಂದು ಮಾಡಲಿ. ಅನ್ಯಾಯವಾದರೆ ಸಭ್ಯತೆಯಿಂದ, ಆದರೆ ಅಂಜದೆ ಕೇಳಲಿ. ದುಡಿಸುವ ಕಾಲ ಬಂದಾಗ, ಒಳ್ಳೆಯ ಕೆಲಸಗಾರನೊಬ್ಬ ಬಿಟ್ಟುಹೋದ ದಿನ ಅವನನ್ನು ಹಳಿಯುವ ಮೊದಲು ಏರಿಯ ಮೇಲೆ ಒಂದು ಸಲ ನಡೆದು ನೋಡಲಿ. ಹಿಂಬದಿಯ ಮಣ್ಣು ಎಲ್ಲೋ ಒಂದು ಕಡೆ ಹಸಿಯಾಗಿರುವುದು ಕಂಡೀತು.